ಒಪ್ಪಿಗೆ ಕೊಡಬಲ್ಲ ಹೊತ್ತು

ಆಲ್‌ಝೈಮರ್ ಕಾಯಿಲೆಯ ಔಷಧ ಪ್ರಯೋಗಕ್ಕೆ ಒಬ್ಬರು ಸೇರುವುದಿಲ್ಲ, ಇಬ್ಬರು ಸೇರುತ್ತಾರೆ. ಮೊದಲನೆಯವರು ರೋಗಿ. ಎರಡನೆಯವರು ಅವರ ಜೊತೆ ದಿನ ಕಳೆಯುವವರು: ಹೆಂಡತಿ, ಗಂಡ, ಮಗಳು, ಸೊಸೆ. ಪ್ರಯೋಗದ ಕಾಗದಗಳಲ್ಲಿ ಇವರನ್ನು ‘ಸ್ಟಡಿ ಪಾರ್ಟ್‌ನರ್’ ಎನ್ನುತ್ತಾರೆ. ಇವರಿಲ್ಲದೆ ರೋಗಿಯ ಹೆಸರು ಬರೆದುಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ ವಯಸ್ಸಾದವರ ನೆನಪಿನ ಪರೀಕ್ಷೆ ಮಾಡುವುದು, ಸಮ್ಮತಿ ಪತ್ರವನ್ನು ಕನ್ನಡದಲ್ಲಿ ಓದಿ ತಿಳಿಸಿಹೇಳುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತಿಯಾಗುವವರೆಗೂ ಅದನ್ನೇ ಮಾಡಿದೆ. ಪತ್ರದ ಕೊನೆಯ ಹಾಳೆಯಲ್ಲಿ ಎರಡು ಸಹಿಗೆ ಜಾಗವಿರುತ್ತಿತ್ತು. ಎರಡನೆಯ ಸಹಿ ಸಲೀಸಾಗಿ ಬೀಳುತ್ತಿತ್ತು. ಮೊದಲನೆಯದಕ್ಕೆ ನಾನು ಕಾಯುತ್ತಿದ್ದೆ. ಪೆನ್ನು ಹಿಡಿಯುವ ಮುಂಚೆ ಅವರು ನನ್ನನ್ನು ಏನಾದರೂ ಕೇಳಿದರೆ, ‘ಇದರಿಂದ ನನಗೇನು ಪ್ರಯೋಜನ?’ ಎಂದೋ, ‘ಮಧ್ಯದಲ್ಲಿ ಬಿಟ್ಟರೆ ಬೈತೀರಾ?’ ಎಂದೋ, ನನ್ನ ಜೀವಕ್ಕೆ ಸಮಾಧಾನವಾಗುತ್ತಿತ್ತು. ಹಾಗೆ ಕೇಳುವವರು ಇನ್ನೂ ತಮ್ಮ ಪರವಾಗಿ ತಾವೇ ನಿಂತಿರುತ್ತಾರೆ.

ಈ ಕಾಯಿಲೆಯ ಚಿಕಿತ್ಸೆಯ ಚರಿತ್ರೆಯನ್ನು ಔಷಧಗಳ ಹೆಸರು ಹಿಡಿದು, ಕಂಪನಿಗಳ ಸೋಲುಗೆಲುವು ಹಿಡಿದು ಬರೆದವರು ಬಹಳ ಮಂದಿ. ನನಗೆ ಅದು ಆ ಮೊದಲ ಸಹಿಯ ಚರಿತ್ರೆಯಾಗಿ ಕಾಣುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ವೈದ್ಯಶಾಸ್ತ್ರ ಈ ರೋಗಿಗಳ ಬಳಿಗೆ ತಡವಾಗಿಯೇ ಬಂತು. ಒಂದೊಂದು ಸೋಲಿನಿಂದ ಕಲಿಯುತ್ತ, ಕಾಯಿಲೆಯ ಹಾದಿಯಲ್ಲಿ ಹಿಂದಕ್ಕೆ ನಡೆಯುತ್ತ, ಈಗ ಆರಂಭದ ಹಂತಕ್ಕೆ ಬಂದು ಮುಟ್ಟಿದೆ. ಮಿದುಳಿನ ನರಕೋಶಗಳು ಇನ್ನೂ ಉಳಿದಿರುವ ಹಂತ ಅದು. ಮನುಷ್ಯ ತನ್ನ ದೇಹದ ಬಗ್ಗೆ ಹೌದು, ಇಲ್ಲ ಎಂದು ತಾನೇ ಹೇಳಬಲ್ಲ ಹಂತವೂ ಅದೇ.

ಈ ಚರಿತ್ರೆಯ ಮೊದಲ ರೋಗಿಯ ಒಪ್ಪಿಗೆ ಕೇಳಲು ಸಾಧ್ಯವೇ ಇರಲಿಲ್ಲ. 1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟ ಡೇಟರ್ ಎಂಬ 51 ವರ್ಷದ ಹೆಂಗಸು ಬಂದಳು. ಗಂಡ ರೈಲ್ವೆಯಲ್ಲಿ ಗುಮಾಸ್ತ. ವೈದ್ಯ ಅಲೋಯಿಸ್ ಆಲ್‌ಝೈಮರ್ ಆಕೆಯ ಎದುರು ಕೂತು ಪ್ರಶ್ನೆ ಕೇಳುತ್ತ, ಸಿಕ್ಕ ಉತ್ತರವನ್ನೆಲ್ಲ ಬರೆದುಕೊಂಡ. ಪೆನ್ಸಿಲು, ಪೆನ್ನು, ಕೀಲಿಕೈ, ಚುಟ್ಟಾ ತೋರಿಸಿದರೆ ಆಕೆ ಸರಿಯಾಗಿ ಹೆಸರು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಏನೇನು ತೋರಿಸಿದೆ ಎಂದರೆ ನೆನಪಿಲ್ಲ. ಮಧ್ಯಾಹ್ನ ತಟ್ಟೆಯಲ್ಲಿ ಹೂಕೋಸು, ಹಂದಿಮಾಂಸ. ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಎಂದಳು. ಹೆಸರು ಬರೆಯಿರಿ ಎಂದಾಗ ‘ಶ್ರೀಮತಿ’ ಎಂಬಷ್ಟನ್ನು ಬರೆದು, ಮುಂದಿನದನ್ನು ನೆನಪಿಸಬೇಕಾಯಿತು. ನಾನು ಜೀವಮಾನವಿಡೀ ಮಾಡಿದ ಪರೀಕ್ಷೆಗಳ ಬೀಜ ಆ ಪುಟಗಳಲ್ಲಿದೆ.

ಆಕೆಗೆ ಸಿಕ್ಕ ಚಿಕಿತ್ಸೆ ಬೆಚ್ಚಗಿನ ನೀರಿನ ಸ್ನಾನ ಮತ್ತು ನಿದ್ದೆಯ ಔಷಧ. 1906ರ ಏಪ್ರಿಲ್ 8ರಂದು ಆಕೆ ತೀರಿಕೊಂಡಾಗ ಆಲ್‌ಝೈಮರ್ ಮ್ಯೂನಿಕ್ಕಿನಲ್ಲಿದ್ದ. ಮಿದುಳು ಅಲ್ಲಿಗೆ ಹೋಯಿತು. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ಹೊರಗೆ ಗಡ್ಡೆಯಂಥ ಶೇಖರಣೆ, ಒಳಗೆ ಸಿಕ್ಕುಸಿಕ್ಕಾದ ಎಳೆ. ಆ ವರ್ಷದ ನವೆಂಬರ್ 3ರಂದು ಟ್ಯೂಬಿಂಗನ್ ಊರಿನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಸಭಿಕರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್‌ಝೈಮರನ ಹೆಸರಿಟ್ಟ. ಆಗುಸ್ಟಳ ಕಡತ ಎಲ್ಲೋ ಸೇರಿಹೋಯಿತು. 1995ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಕಡತದ ಕೋಣೆಯಲ್ಲಿ ಅದು ಮತ್ತೆ ಸಿಕ್ಕಿದಾಗಲೇ ಜಗತ್ತು ಆಕೆಯ ಪೂರ್ತಿ ಹೆಸರು ತಿಳಿದದ್ದು.

ಕ್ರೇಪೆಲಿನ್ ಹೆಸರಿಟ್ಟ ಮೇಲಿನ ಐವತ್ತು ವರ್ಷ ಇದು ನಡುವಯಸ್ಸಿನವರಿಗೆ ಬರುವ ಅಪರೂಪದ ಕಾಯಿಲೆ ಎಂದೇ ನಡೆಯಿತು. ಮುದುಕರು ಮರೆತರೆ ಅದು ರಕ್ತನಾಳ ಗಡುಸಾದದ್ದರ ಫಲ, ವಯಸ್ಸಿನ ಧರ್ಮ. ಅರವತ್ತಕ್ಕೆ ಅರಳುಮರಳು ಎಂದು ನಾವು ಹೇಳಿ ಸುಮ್ಮನಾಗುತ್ತಿದ್ದ ಹಾಗೆಯೇ ಅವರೂ ಸುಮ್ಮನಾಗಿದ್ದರು. ಆ ನಂಬಿಕೆ ಅಲುಗಿದ್ದು ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ. ಗ್ಯಾರಿ ಬ್ಲೆಸ್ಡ್, ಬರ್ನಾರ್ಡ್ ಟಾಮ್ಲಿನ್‌ಸನ್, ಮಾರ್ಟಿನ್ ರಾತ್ ಎಂಬ ಮೂವರು ವೃದ್ಧ ರೋಗಿಗಳನ್ನು ಬದುಕಿರುವಾಗ ಪರೀಕ್ಷಿಸಿ, ಸತ್ತ ಮೇಲೆ ಮಿದುಳಿನ ಗಡ್ಡೆಗಳನ್ನು ಎಣಿಸಿ, ಎರಡನ್ನೂ ತಾಳೆ ನೋಡಿ 1968ರಲ್ಲಿ ಪ್ರಕಟಿಸಿದರು. ಗಡ್ಡೆ ಹೆಚ್ಚಿದ್ದಷ್ಟೂ ಬದುಕಿನ ಪರದಾಟ ಹೆಚ್ಚಿತ್ತು. ಆ ಪರದಾಟವನ್ನು ಅಳೆಯಲು ಅವರು ಮನೆಯವರನ್ನೇ ಕೇಳಿದ್ದರು: ಚಿಲ್ಲರೆ ಹಣ ಎಣಿಸಬಲ್ಲರೇ, ಗೊತ್ತಿರುವ ಬೀದಿಯಲ್ಲಿ ದಾರಿ ತಪ್ಪುತ್ತಾರೆಯೇ, ಬಟ್ಟೆ ತಾವೇ ಹಾಕಿಕೊಳ್ಳುತ್ತಾರೆಯೇ? ಮನೆಯವರು ಕೂರುವ ಎರಡನೆಯ ಕುರ್ಚಿ ಈ ಚರಿತ್ರೆಗೆ ಬಂದದ್ದು ಇಲ್ಲಿ.

ರೋಗಿ ಕೂರುವ ಮೊದಲನೆಯ ಕುರ್ಚಿಯ ಕಥೆ ಅಷ್ಟು ಸರಾಗವಾಗಿಲ್ಲ. 1963ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ, ದೀರ್ಘಕಾಲದ ರೋಗಿಗಳ ಒಂದು ಆಸ್ಪತ್ರೆಯಲ್ಲಿ, 22 ಮಂದಿ ನಿತ್ರಾಣ ರೋಗಿಗಳ ಚರ್ಮದಡಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರು. ರೋಗನಿರೋಧಕ ಶಕ್ತಿಯನ್ನು ಅರಿಯುವುದು ಉದ್ದೇಶ. ಕ್ಯಾನ್ಸರ್ ಎಂಬ ಪದವನ್ನು ರೋಗಿಗಳ ಮುಂದೆ ಯಾರೂ ಎತ್ತಲಿಲ್ಲ. ಮೂವರು ಕಿರಿಯ ವೈದ್ಯರು ಇದಕ್ಕೆ ಕೈಹಾಕಲು ನಿರಾಕರಿಸಿದ್ದರಿಂದ ವಿಷಯ ಹೊರಬಂತು. ನ್ಯೂರೆಂಬರ್ಗ್ ಸಂಹಿತೆ 1947ರಲ್ಲೇ ಸಮ್ಮತಿಯನ್ನು ಮೊದಲ ನಿಯಮವಾಗಿ ಬರೆದಿತ್ತು. ಆದರೂ ತಮ್ಮ ಪರವಾಗಿ ಮಾತಾಡಲಾರದವರ ದೇಹ ಸುಲಭದ ವಸ್ತುವಾಗಿಯೇ ಇತ್ತು. ನನ್ನ ಕೆಲಸಕ್ಕೆ ಹೊಸಬರು ಬಂದಾಗ ಅವರಿಗೆ ಮೊದಲು ಹೇಳುತ್ತಿದ್ದ ಪಾಠ ಇದು. ಸಮ್ಮತಿ ಪತ್ರದ ಒಂದೊಂದು ಸಾಲಿನ ಹಿಂದೆ ಯಾರೋ ಒಬ್ಬರಿಗೆ ಆದ ಅನ್ಯಾಯವಿದೆ.

ಅಳತೆಗೋಲುಗಳು ಒಂದೊಂದಾಗಿ ಬಂದವು. 1975ರಲ್ಲಿ ಫೋಲ್‌ಸ್ಟೈನ್ ದಂಪತಿ ಮತ್ತು ಮೆಕ್‌ಹ್ಯೂ ಸಿದ್ಧಪಡಿಸಿದ 30 ಅಂಕದ ಪರೀಕ್ಷೆ ಇಂದಿಗೂ ಜಗತ್ತಿನ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. 1982ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಲೆನರ್ಡ್ ಬರ್ಗ್ ಮತ್ತು ಸಂಗಡಿಗರು ಇನ್ನೊಂದು ಅಳತೆ ತಂದರು. ನೆನಪು, ದಿನ ಮತ್ತು ಜಾಗದ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಗೆಲಸ ಮತ್ತು ಹವ್ಯಾಸ, ಸ್ವಂತ ಆರೈಕೆ ಎಂಬ ಆರು ವಿಭಾಗಗಳಲ್ಲಿ ರೋಗಿಯನ್ನೂ ಮನೆಯವರನ್ನೂ ಬೇರೆ ಬೇರೆ ಮಾತಾಡಿಸಿ ಅಂಕ ಕೊಡುವ ಪದ್ಧತಿ ಅದು. ಆರೋಗ್ಯಕ್ಕೆ ಸೊನ್ನೆ, ಸೌಮ್ಯ ಡಿಮೆನ್ಷಿಯಾಗೆ, ಅಂದರೆ ದಿನದ ಬದುಕಿಗೆ ಅಡ್ಡಿಯಾಗತೊಡಗಿದ ಮರೆವು ಗೊಂದಲಗಳಿಗೆ, ಒಂದು. ಇವೆರಡರ ನಡುವೆ ಅವರು ಅರ್ಧ ಅಂಕ ಇಟ್ಟರು. ಅನುಮಾನ ಇದೆ, ಆದರೆ ಬದುಕು ಇನ್ನೂ ನಡೆಯುತ್ತಿದೆ ಎನ್ನುವ ಸ್ಥಿತಿಗೆ ಮೊದಲ ಬಾರಿ ಒಂದು ಸಂಖ್ಯೆ ಸಿಕ್ಕಿತು. ಆರಂಭದ ಹಂತದ ಸಂಶೋಧನೆ ನಿಂತಿರುವುದು ಆ ಅರ್ಧ ಅಂಕದ ಮೇಲೆ.

ಮೊದಲ ಔಷಧಗಳು ಮಾತ್ರ ಆ ಅರ್ಧ ಅಂಕವನ್ನು ದಾಟಿದವರಿಗಾಗಿ ಹುಟ್ಟಿದವು. ನೆನಪಿಗೆ ಬೇಕಾದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವ ಈ ರೋಗಿಗಳ ಮಿದುಳಿನಲ್ಲಿ ಕುಸಿದಿರುವುದನ್ನು 1976ರಲ್ಲಿ ಎಡಿನ್‌ಬರೋದ ಪೀಟರ್ ಡೇವಿಸ್ ಮತ್ತು ಮೆಲೋನಿ ತೋರಿಸಿದರು. ಉಳಿದಷ್ಟನ್ನು ಒಡೆಯದಂತೆ ತಡೆದರೆ ಹೇಗೆ ಎಂಬ ಯೋಚನೆಯಿಂದ ಟ್ಯಾಕ್ರಿನ್ ಬಂತು. 1986ರಲ್ಲಿ ವಿಲಿಯಂ ಸಮ್ಮರ್ಸ್ 17 ರೋಗಿಗಳ ಮೇಲೆ ಮಾಡಿದ ಅಧ್ಯಯನ ದೊಡ್ಡ ಆಸೆಯನ್ನೂ ಅಷ್ಟೇ ದೊಡ್ಡ ವಿವಾದವನ್ನೂ ಎಬ್ಬಿಸಿತು. 1993ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ದಿನಕ್ಕೆ ನಾಲ್ಕು ಸಲ ನುಂಗಬೇಕು, ಯಕೃತ್ತಿಗೆ ಪೆಟ್ಟಾಗುತ್ತಿದೆಯೇ ಎಂದು ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ಮೂರು ವರ್ಷದ ನಂತರ ಡೊನೆಪೆಝಿಲ್ ಬಂದಾಗ ದಿನಕ್ಕೆ ಒಂದೇ ಮಾತ್ರೆ ಸಾಕಾಯಿತು. ಅದನ್ನು ಜಪಾನಿನ ಎಯ್ಸಾಯ್ ಕಂಪನಿಯಲ್ಲಿ ರೂಪಿಸಿದ ಹಚಿರೊ ಸುಗಿಮೊಟೊ ಅವರ ತಾಯಿಗೂ ಡಿಮೆನ್ಷಿಯಾ ಇತ್ತು. ಈ ಮಾತ್ರೆಗಳು ಸ್ವಲ್ಪ ಕಾಲ ಹಿಡಿದು ನಿಲ್ಲಿಸುತ್ತವೆ. ನರಕೋಶಗಳು ಸಾಯುವುದನ್ನು ತಡೆಯುವುದಿಲ್ಲ.

ಹಾಗಾದರೆ ಇದೇ ಮಾತ್ರೆಯನ್ನು ಮುಂಚೆಯೇ ಕೊಟ್ಟರೆ? ಆ ಪ್ರಶ್ನೆಗೆ ಉತ್ತರ ಹುಡುಕಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದರ ಫಲಿತಾಂಶ 2005ರಲ್ಲಿ ಹೊರಬಂತು. ಮಾಯೋ ಕ್ಲಿನಿಕ್ಕಿನ ರಾನಲ್ಡ್ ಪೀಟರ್‌ಸನ್ ನೇತೃತ್ವದಲ್ಲಿ, ನೆನಪು ಕುಂದಿದ್ದರೂ ಡಿಮೆನ್ಷಿಯಾ ಆಗಿರದ 769 ಮಂದಿಗೆ ಮೂರು ವರ್ಷ ಡೊನೆಪೆಝಿಲ್, ವಿಟಮಿನ್ ಇ ಅಥವಾ ಔಷಧವಿಲ್ಲದ ಮಾತ್ರೆ, ಅಂದರೆ ಪ್ಲಸೀಬೊ. ವಿಟಮಿನ್‌ನಿಂದ ಏನೂ ಆಗಲಿಲ್ಲ. ಡೊನೆಪೆಝಿಲ್ ಮೊದಲ ವರ್ಷ ಕಾಯಿಲೆಯನ್ನು ಮುಂದಕ್ಕೆ ತಳ್ಳಿತು. ಮೂರನೆಯ ವರ್ಷದ ಕೊನೆಗೆ ಗುಂಪುಗಳ ನಡುವೆ ಅಂತರವೇ ಉಳಿಯಲಿಲ್ಲ. ಔಷಧದ ಮಟ್ಟಿಗೆ ಇದು ನಿರಾಸೆ. ಆದರೆ ಏಳುನೂರಕ್ಕೂ ಹೆಚ್ಚು ಜನ ತಮ್ಮ ಸ್ಥಿತಿ ಏನೆಂದು ತಿಳಿದು, ತಾವೇ ಒಪ್ಪಿ, ಮೂರು ವರ್ಷ ನಡೆದ ಅಧ್ಯಯನ ಅದು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು, ಮತ್ತು ಅದನ್ನು ತೆರೆದವರಲ್ಲಿ ರೋಗಿಗಳ ಮನೆಯವರೇ ಇದ್ದರು. 1984ರಲ್ಲಿ ಸ್ಯಾನ್ ಡಿಯಾಗೊದ ಜಾರ್ಜ್ ಗ್ಲೆನರ್ ಗಡ್ಡೆಗಳ ಮೂಲವಸ್ತುವಾದ ಅಮಿಲಾಯ್ಡ್ ಪ್ರೋಟೀನನ್ನು ಬೇರ್ಪಡಿಸಿದ. ಅದು ಕಾಯಿಲೆಗೆ ಕಾರಣವೋ ಬರೀ ಬೂದಿಯೋ ಎಂಬ ಅನುಮಾನ ಹಾಗೇ ಇತ್ತು. ಇಂಗ್ಲೆಂಡಿನ ಕ್ಯಾರಲ್ ಜೆನ್ನಿಂಗ್ಸ್ ಎಂಬ ಶಿಕ್ಷಕಿ 1980ರ ದಶಕದಲ್ಲಿ ಲಂಡನ್ನಿನ ಸಂಶೋಧಕರಿಗೆ ಕಾಗದ ಬರೆದಳು. ತನ್ನ ತಂದೆಗೂ ಅವರ ಒಡಹುಟ್ಟಿದವರಿಗೂ ಐವತ್ತರ ಆಸುಪಾಸಿನಲ್ಲೇ ಈ ಕಾಯಿಲೆ ಬಂದಿದೆ, ನಮ್ಮ ಕುಟುಂಬ ನಿಮ್ಮ ಕೆಲಸಕ್ಕೆ ಬರಬಹುದೇ ಎಂದು ಕೇಳಿದಳು. 1991ರಲ್ಲಿ ಅಲಿಸನ್ ಗೋಟ್ ಮತ್ತು ಜಾನ್ ಹಾರ್ಡಿ ಅವರ ತಂಡ ಆ ಕುಟುಂಬದ ರಕ್ತದಲ್ಲಿ ಅಮಿಲಾಯ್ಡಿನ ಮೂಲ ಜೀನ್‌ನಲ್ಲೇ ದೋಷ ಕಂಡುಹಿಡಿಯಿತು. ಅಮಿಲಾಯ್ಡ್ ಕಾರಣವೆಂದು ಹೇಳಲು ಸಿಕ್ಕ ಮೊದಲ ಗಟ್ಟಿ ಆಧಾರ ಅದು. ದೋಷ ತನಗೂ ಇದೆಯೇ ಎಂದು ಕ್ಯಾರಲ್ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಮುಂದೆ ಆಕೆಗೂ ಕಾಯಿಲೆ ಬಂತು. 2024ರಲ್ಲಿ ತೀರಿಕೊಂಡಾಗ ಮಿದುಳನ್ನು ಸಂಶೋಧನೆಗೆ ಕೊಟ್ಟಳು.

ಅಮಿಲಾಯ್ಡನ್ನು ತೊಳೆದು ಹಾಕುವ ಯತ್ನ ಶುರುವಾಯಿತು. 1999ರಲ್ಲಿ ಡೇಲ್ ಶೆಂಕ್ ಇಲಿಗಳಿಗೆ ಲಸಿಕೆ ಕೊಟ್ಟು ಗಡ್ಡೆ ಕರಗಿಸಿ ತೋರಿಸಿದ. ಮನುಷ್ಯರ ಮೇಲಿನ ಪ್ರಯೋಗವನ್ನು 2002ರ ಜನವರಿಯಲ್ಲಿ ನಿಲ್ಲಿಸಬೇಕಾಯಿತು. ಲಸಿಕೆ ಪಡೆದ 298 ಮಂದಿಯಲ್ಲಿ 18 ಮಂದಿಗೆ ಮಿದುಳಿನ ಉರಿಯೂತ ಬಂತು. ಆ ಲಸಿಕೆ ಪಡೆದವರಲ್ಲಿ ಕೆಲವರು ವರ್ಷಗಳ ನಂತರ ತೀರಿಕೊಂಡಾಗ ಸೌತಾಂಪ್ಟನ್ನಿನ ವೈದ್ಯರು ಮಿದುಳು ತೆರೆದು ನೋಡಿದರು. ಕೆಲವರಲ್ಲಿ ಗಡ್ಡೆ ಬಹುತೇಕ ಇಲ್ಲವಾಗಿತ್ತು. ಆದರೂ ಆ ರೋಗಿಗಳು ಕೊನೆಯವರೆಗೆ ಕುಸಿಯುತ್ತಲೇ ಹೋಗಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗಿತ್ತು. ಅಮಿಲಾಯ್ಡನ್ನು ಹಿಡಿಯುವ ಪ್ರತಿಕಾಯಗಳಾದ ಬಾಪಿನ್ಯೂಝುಮ್ಯಾಬ್ 2012ರಲ್ಲಿ, ಸೊಲಾನೆಝುಮ್ಯಾಬ್ 2016ರಲ್ಲಿ ಸೋತವು. ಗಡ್ಡೆಗಳನ್ನು ಜೀವಂತ ಮಿದುಳಿನಲ್ಲೇ ತೋರಿಸುವ ಪೆಟ್ ಸ್ಕ್ಯಾನ್ ಅಷ್ಟು ಹೊತ್ತಿಗೆ ಬಂದಿತ್ತು. ಪಿಟ್ಸ್‌ಬರ್ಗಿನ ಕ್ಲಂಕ್ ಮತ್ತು ಮ್ಯಾಥಿಸ್ ಅದಕ್ಕೆ ಬೇಕಾದ ವಸ್ತುವನ್ನು ತಯಾರಿಸಿದ್ದರು. ಸ್ಕ್ಯಾನ್ ಮಾಡಿ ನೋಡಿದಾಗ, ಬಾಪಿನ್ಯೂಝುಮ್ಯಾಬ್ ಪ್ರಯೋಗಕ್ಕೆ ಸೇರಿದ್ದವರಲ್ಲಿ ಗಣನೀಯ ಭಾಗದ ಜನರ ಮಿದುಳಿನಲ್ಲಿ ಅಮಿಲಾಯ್ಡೇ ಇರಲಿಲ್ಲ. ಇನ್ನೊಂದು ಸಂಗತಿಯೂ ತಿಳಿಯಿತು: ಕಾಯಿಲೆ ಇರುವವರಲ್ಲಿ ಮೊದಲ ಮರೆವಿಗೆ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಗಡ್ಡೆ ಕಟ್ಟಲು ಶುರುವಾಗಿರುತ್ತದೆ.

ಅಷ್ಟು ಮುಂಚೆ ಯಾರಿಗೆ ಕಾಯಿಲೆ ಬರುತ್ತದೆಂದು ಗೊತ್ತಾಗುವುದು ಹೇಗೆ? ಉತ್ತರ ಕೊಲಂಬಿಯ ದೇಶದ ಆಂಟಿಯೋಕಿಯ ಎಂಬ ಗುಡ್ಡಗಾಡಿನಲ್ಲಿತ್ತು. ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ದೊಡ್ಡ ಅಧ್ಯಾಯ ಅಲ್ಲಿ ನಡೆಯಿತು.

ಯಾರುಮಾಲ್, ಆಂಗೊಸ್ತೂರ, ಬೆಲ್ಮೀರ ಮುಂತಾದ ಊರುಗಳಲ್ಲಿ ತಲೆಮಾರುಗಳಿಂದ ಒಂದು ಪಿಡುಗು ನಡೆದುಬಂದಿತ್ತು. ನಲವತ್ತು ದಾಟುತ್ತಿದ್ದಂತೆ ಗಟ್ಟಿಮುಟ್ಟಾದ ರೈತರು, ಮಕ್ಕಳೊಂದಿಗರು ಮರೆಯಲು ಶುರುಮಾಡುತ್ತಿದ್ದರು. ಅರವತ್ತರ ಹೊತ್ತಿಗೆ ಸಾವು. ಊರವರು ಅದನ್ನು ‘ಲ ಬೊಬೇರ’ ಎನ್ನುತ್ತಿದ್ದರು. ಶಾಪ ಎಂದವರಿದ್ದರು, ಮಾಟ ಎಂದವರಿದ್ದರು. 1980ರ ದಶಕದ ಮೊದಲಲ್ಲಿ ಮೆದೆಯೀನ್ ನಗರದ ಆಂಟಿಯೋಕಿಯ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನ ಕಲಿಯುತ್ತಿದ್ದ ಫ್ರಾನ್ಸಿಸ್ಕೊ ಲೊಪೇರ ಎಂಬ ತರುಣ ವೈದ್ಯನ ಬಳಿಗೆ 47 ವರ್ಷದ ರೋಗಿಯೊಬ್ಬ ಬಂದ. ಅವನ ತಂದೆಗೂ ತಾತನಿಗೂ ಇದೇ ಆಗಿತ್ತು. ಲೊಪೇರ ಅದೇ ಸೀಮೆಯಲ್ಲಿ ಬೆಳೆದವನು. ಊರೂರು ತಿರುಗಿದ. ಚರ್ಚುಗಳಲ್ಲಿದ್ದ ಹುಟ್ಟು, ಮದುವೆ, ಸಾವಿನ ಪುಸ್ತಕಗಳನ್ನು ಬಿಡಿಸಿ ವಂಶವೃಕ್ಷ ಬರೆದ. ಗೆರಿಲ್ಲಾಗಳು, ಅರೆಸೇನಾ ಗುಂಪುಗಳು, ಮಾದಕ ವಸ್ತುವಿನ ದೊರೆಗಳು ಆ ಪ್ರದೇಶವನ್ನು ರಕ್ತದಲ್ಲಿ ಅದ್ದಿದ್ದ ಕಾಲ ಅದು. ಅಂಥ ದಾರಿಗಳಲ್ಲಿ ಅವನೂ ಅವನ ಸಂಗಡದ ನರ್ಸುಗಳೂ ರಕ್ತದ ಮಾದರಿ ಹೊತ್ತು ಓಡಾಡಿದರು.

ವೃಕ್ಷ ಬೆಳೆದು ಸುಮಾರು 6,000 ಜನರ ಬಳಗವಾಯಿತು. ಅವರಲ್ಲಿ ಸುಮಾರು 1,200 ಮಂದಿ ದೋಷದ ಜೀನ್ ಹೊತ್ತವರು. 1990ರ ದಶಕದ ನಡುವಿನಲ್ಲಿ ಅಮೆರಿಕದ ಕೆನೆತ್ ಕೋಸಿಕ್ ಮುಂತಾದವರ ನೆರವಿನಿಂದ ದೋಷದ ಜಾಗ ಸಿಕ್ಕಿತು: ಪ್ರೆಸೆನಿಲಿನ್-1 ಜೀನ್, 280ನೆಯ ಸ್ಥಾನ. ಅದು ಸುಮಾರು ಹದಿನೈದು ತಲೆಮಾರಿನ ಹಿಂದೆ ಬದುಕಿದ್ದ ಒಬ್ಬನೇ ಪೂರ್ವಜನಿಂದ, ಸ್ಪೇನಿನವರು ಬಂದಿಳಿದ ಕಾಲದಿಂದ, ಹರಿದುಬಂದದ್ದು ಎಂದು 2014ರ ಅಧ್ಯಯನ ಹೇಳಿತು. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ಬಂದರೆ ಸರಾಸರಿ 44ರಲ್ಲಿ ನೆನಪು ಕುಂದುತ್ತದೆ, 49ರಲ್ಲಿ ಡಿಮೆನ್ಷಿಯಾ. ಯಾರಿಗೆ, ಯಾವ ವಯಸ್ಸಿನಲ್ಲಿ ಕಾಯಿಲೆ ಬರಲಿದೆಯೆಂದು ಇಷ್ಟು ನಿಖರವಾಗಿ ಹೇಳಬಹುದಾದ ಇಷ್ಟು ದೊಡ್ಡ ಬಳಗ ಬೇರೆಲ್ಲೂ ಸಿಕ್ಕಿಲ್ಲ.

2013ರಲ್ಲಿ ಅಲ್ಲಿ ಕ್ರೆನೆಝುಮ್ಯಾಬ್ ಎಂಬ ಪ್ರತಿಕಾಯದ ಪ್ರಯೋಗ ಶುರುವಾಯಿತು. ಬ್ಯಾನರ್ ಸಂಸ್ಥೆ, ಜೆನೆನ್‌ಟೆಕ್ ಕಂಪನಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸೇರಿ ಹಣ ಹಾಕಿದವು. 30ರಿಂದ 60 ವರ್ಷದ 252 ಮಂದಿ ಸೇರಿದರು, ಎಲ್ಲರೂ ಡಿಮೆನ್ಷಿಯಾ ಇಲ್ಲದವರು. ಅದರ ಏರ್ಪಾಡನ್ನು ಓದಿದಾಗ ನನ್ನ ಕಣ್ಣು ತುಂಬಿತ್ತು. ಜೀನ್ ಇರುವವರನ್ನು ಮಾತ್ರ ಸೇರಿಸಿಕೊಂಡಿದ್ದರೆ, ಸೇರಿದ ದಿನವೇ ಅವರಿಗೆ ತಮ್ಮ ಹಣೆಬರಹ ತಿಳಿದುಬಿಡುತ್ತಿತ್ತು. ಬಳಗದ ಹೆಚ್ಚಿನವರಿಗೆ ಅದನ್ನು ತಿಳಿಯುವ ಇಷ್ಟವಿರಲಿಲ್ಲ. ಅದಕ್ಕಾಗಿ ಜೀನ್ ಇಲ್ಲದವರನ್ನೂ ಸೇರಿಸಿದರು; ಒಟ್ಟು ಜನರಲ್ಲಿ ಮೂರನೇ ಒಂದು ಭಾಗ ಅವರೇ. ಅವರಿಗೆಲ್ಲ ಪ್ಲಸೀಬೊ. ಜೀನ್ ಇರುವವರಲ್ಲಿ ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಪ್ಲಸೀಬೊ. ಯಾರು ಯಾವ ಗುಂಪು ಎಂದು ಅವರಿಗೂ ಗೊತ್ತಿಲ್ಲ, ಚುಚ್ಚುವವರಿಗೂ ಗೊತ್ತಿಲ್ಲ. ಹೀಗೆ ಕಾಯಿಲೆ ಬರುವ ಸಂಭವವೇ ಇಲ್ಲದ ಹತ್ತಾರು ಜನ, ತಮಗೆ ಅದು ಇಲ್ಲವೆಂದೂ ತಿಳಿಯದೆ, ಅಣ್ಣತಮ್ಮಂದಿರ, ಅಕ್ಕತಂಗಿಯರ ಗುಟ್ಟು ಕಾಯಲು ಐದಾರು ವರ್ಷ, ಕೆಲವರು ಎಂಟು ವರ್ಷ, ಸೂಜಿಗೆ ಮೈಯೊಡ್ಡಿದರು. ಬಹುಪಾಲು ಎಲ್ಲರೂ ಕೊನೆಯವರೆಗೆ ಉಳಿದರು.

2022ರ ಜೂನ್‌ನಲ್ಲಿ ಫಲಿತಾಂಶ ಬಂತು. ಔಷಧ ಪಡೆದವರಿಗೂ ಪಡೆಯದವರಿಗೂ ನಂಬಬಹುದಾದ ಅಂತರ ಕಾಣಲಿಲ್ಲ. ವಿಜ್ಞಾನದ ಭಾಷೆಯಲ್ಲಿ ಅದು ಸೋತ ಪ್ರಯೋಗ. ನಾನು ಹಾಗೆ ಕರೆಯಲಾರೆ. ಅದೇ ಬಳಗದ ಒಬ್ಬ ಮಹಿಳೆಗೆ ದೋಷದ ಜೀನ್ ಇದ್ದರೂ ಎಪ್ಪತ್ತು ದಾಟಿದ ಮೇಲೆಯೇ, ಅಂದರೆ ಉಳಿದವರಿಗಿಂತ ಸುಮಾರು ಮೂರು ದಶಕ ತಡವಾಗಿ, ಮರೆವು ಬಂತು. ಆಕೆಯ ಮಿದುಳಿನಲ್ಲಿ ಅಮಿಲಾಯ್ಡ್ ತುಂಬಿತ್ತು. ಆದರೆ ನರಕೋಶದೊಳಗೆ ಸಿಕ್ಕಾಗುವ ಟೌ ಪ್ರೋಟೀನ್ ಕಡಿಮೆಯಿತ್ತು. ಕ್ರೈಸ್ಟ್‌ಚರ್ಚ್ ಎಂಬ ಇನ್ನೊಂದು ಅಪರೂಪದ ಜೀನ್ ರೂಪದ ಎರಡು ಪ್ರತಿಗಳು ಆಕೆಯನ್ನು ಕಾಪಾಡಿದ್ದವೆಂದು 2019ರಲ್ಲಿ ಪ್ರಕಟವಾಯಿತು. ಒಂದೇ ಪ್ರತಿ ಇದ್ದ 27 ಮಂದಿಯಲ್ಲೂ ಮರೆವು ಸುಮಾರು ಐದು ವರ್ಷ ತಡವಾಗಿತ್ತೆಂದು 2024ರಲ್ಲಿ ತಿಳಿಯಿತು. ಹೊಸ ಔಷಧದ ಒಂದು ದಾರಿ ಅಲ್ಲಿಂದ ಹೊರಟಿದೆ. ಲೊಪೇರ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ರೋಗಿಗಳ ಮನೆಯ ಜಗಲಿಯಲ್ಲಿ ಕೂತು ಕಟ್ಟಿದ ನಂಬಿಕೆ ಅವನ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೇನೆ. ಅದಿಲ್ಲದಿದ್ದರೆ ಆ 252 ಸಹಿಗಳಿಲ್ಲ.

ಕಾಯಿಲೆಯ ವೇಗವನ್ನು ಕೊನೆಗೂ ತಗ್ಗಿಸಿ ತೋರಿಸಿದ ಔಷಧದ ಹಿಂದೆಯೂ ಒಂದು ಕುಟುಂಬವಿದೆ. ಉತ್ತರ ಸ್ವೀಡನ್ನಿನ ಒಂದು ಕುಟುಂಬದಲ್ಲಿ ಕಂಡ ‘ಆರ್ಕ್ಟಿಕ್’ ದೋಷವನ್ನು ಅಭ್ಯಾಸ ಮಾಡಿದ ಲಾರ್ಸ್ ಲ್ಯಾನ್‌ಫೆಲ್ಟ್, ಗಟ್ಟಿಯಾದ ಗಡ್ಡೆಗಿಂತ ಅದು ಕಟ್ಟುವ ಮುಂಚಿನ ಎಳೆಗಳೇ ಹೆಚ್ಚು ವಿಷವೆಂದು ಊಹಿಸಿದ. ಆ ಎಳೆಗಳನ್ನು ಹಿಡಿಯುವ ಪ್ರತಿಕಾಯವೇ ಲೆಕಾನೆಮ್ಯಾಬ್. 1,795 ಮಂದಿಯ ಮೇಲೆ 18 ತಿಂಗಳು ನಡೆದ ಪ್ರಯೋಗದ ವಿವರ 2022ರ ನವೆಂಬರಿನಲ್ಲಿ ಪ್ರಕಟವಾಯಿತು. ಎಲ್ಲರೂ ಆರಂಭದ ಹಂತದವರು, ಎಲ್ಲರ ಮಿದುಳಿನಲ್ಲೂ ಅಮಿಲಾಯ್ಡ್ ಇರುವುದು ಖಚಿತವಾಗಿತ್ತು. ಸೇಂಟ್ ಲೂಯಿಯ ಆ ಆರು ವಿಭಾಗಗಳ ಒಟ್ಟು 18 ಅಂಕದಲ್ಲಿ ಪ್ಲಸೀಬೊ ಪಡೆದವರು 1.66 ಕುಸಿದರೆ ಔಷಧ ಪಡೆದವರು 1.21 ಕುಸಿದರು. ಕುಸಿತ ಶೇ 27ರಷ್ಟು ನಿಧಾನವಾಯಿತು. 2023ರ ಜುಲೈನಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಮರುವರ್ಷ ಡೊನಾನೆಮ್ಯಾಬ್ ಎಂಬ ಇನ್ನೊಂದಕ್ಕೂ.

ಈ 0.45 ಅಂಕದ ಅಂತರ ಮನೆಯಲ್ಲಿ ಕಣ್ಣಿಗೆ ಕಾಣುತ್ತದೆಯೇ ಎಂಬ ವಾದ ಇನ್ನೂ ನಡೆದಿದೆ. ಆ ಪ್ರಯೋಗದಲ್ಲಿ ಲೆಕಾನೆಮ್ಯಾಬನ್ನು ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಬೇಕಿತ್ತು, ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕಿತ್ತು. ಔಷಧ ಪಡೆದವರಲ್ಲಿ ಶೇ 12.6 ಮಂದಿಗೆ ಮಿದುಳಿನ ಊತ ಕಂಡಿತು; ಈ ಕಾಯಿಲೆಯ ಅಪಾಯ ಹೆಚ್ಚಿಸುವ ಎಪಿಒಇ-4 ಜೀನ್‌ನ ಎರಡು ಪ್ರತಿ ಇದ್ದವರಲ್ಲಿ ಸುಮಾರು ಮೂವರಿಗೊಬ್ಬರಿಗೆ. ಹೆಚ್ಚಿನವರಿಗೆ ಅದು ಅರಿವಿಗೂ ಬರಲಿಲ್ಲ. ಕೆಲವರಿಗೆ ಪ್ರಾಣಾಪಾಯವಾಯಿತು. ಇಂಥ ಲಾಭ, ಇಂಥ ಅಪಾಯ ಎರಡನ್ನೂ ತೂಗಿ ‘ನನಗೆ ಬೇಕು’ ಅಥವಾ ‘ಬೇಡ’ ಎನ್ನುವ ಹಕ್ಕು ಯಾರದು? ಆ ಹಕ್ಕು ಮಗನದಲ್ಲ, ವೈದ್ಯರದೂ ಅಲ್ಲ. ಆರಂಭದ ಹಂತದಲ್ಲಿ ಅದನ್ನು ಚಲಾಯಿಸಬಲ್ಲ ರೋಗಿಯೇ ಎದುರಿಗಿದ್ದಾರೆ.

ಈಗ ನಮ್ಮ ಕಡೆಗೆ ಬರುತ್ತೇನೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ನಮ್ಮಲ್ಲಿ ತಳಪಾಯದ ಕೆಲಸ ನಡೆದಿಲ್ಲವೆಂದಲ್ಲ. ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ 1995ರಲ್ಲಿ ಮಾನವ ಮಿದುಳಿನ ಭಂಡಾರ ಕಟ್ಟಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಅನುಸರಿಸುವ ಗುರಿಯ ಅಧ್ಯಯನ ಶುರುಮಾಡಿತು. ಮಾವಿನ ತೋಪುಗಳ ನಮ್ಮ ಸೀಮೆಯ ರೈತರು ರಕ್ತ ಕೊಟ್ಟು, ಸ್ಕ್ಯಾನಿಗೆ ಮಲಗಿ, ನೆನಪಿನ ಪರೀಕ್ಷೆಗೆ ಕೂರುತ್ತಿರುವುದು ನನಗೆ ಹೆಮ್ಮೆಯ ವಿಷಯ.

ಆ ಪರೀಕ್ಷೆಗಳನ್ನು ನಮ್ಮ ಜನಕ್ಕೆ ಒಗ್ಗಿಸುವುದು ಸಣ್ಣ ಕೆಲಸವಲ್ಲ. ಒಮ್ಮೆ ಚಿಂತಾಮಣಿ ಕಡೆಯ ಒಬ್ಬ ಹಿರಿಯರಿಗೆ ಈಗ ಯಾವ ತಿಂಗಳು ಎಂದು ಕೇಳಿದೆ. ‘ಉತ್ತರೆ ಮಳೆ ನಡೀತಾ ಅದೆ ಕಣಮ್ಮ’ ಎಂದರು. ಅದು ಸೆಪ್ಟೆಂಬರ್ ನಡುವಿನ ಎರಡು ವಾರಗಳ ಲೆಕ್ಕ, ತಿಂಗಳಿಗಿಂತ ನಿಖರ. ಶಾಲೆ ಕಾಣದ ಆ ರೈತರ ಕಾಲಜ್ಞಾನಕ್ಕೆ ಸೊನ್ನೆ ಹಾಕಿದರೆ ನಾವು ಅಳೆದದ್ದು ಅವರ ಓದನ್ನು, ಮಿದುಳನ್ನಲ್ಲ. ಸಮ್ಮತಿಯಲ್ಲೂ ಹೀಗೆಯೇ. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯ ಮುಂದೆ ಓದಿ ಹೇಳಬೇಕು. 2013ರ ನಂತರ ಔಷಧ ಪ್ರಯೋಗಗಳಲ್ಲಿ ಸಮ್ಮತಿಯ ಮಾತುಕತೆಯನ್ನು ವಿಡಿಯೊ ಮಾಡುವ ನಿಯಮವೂ ಬಂತು. ಓದಿ ಮುಗಿಸಿದ ಮೇಲೆ ‘ಈಗ ನೀವು ನನಗೆ ಹೇಳಿ, ನಿಮ್ಮನ್ನು ಏನು ಮಾಡಲಿಕ್ಕೆ ಹೊರಟಿದ್ದೇವೆ?’ ಎಂದು ಕೇಳುತ್ತಿದ್ದೆ. ತಮ್ಮ ಮಾತಿನಲ್ಲಿ ಹೇಳಿದರೆ ಮುಂದಿನ ಹೆಜ್ಜೆ. ಇಲ್ಲದಿದ್ದರೆ ಇನ್ನೊಂದು ದಿನ ಬನ್ನಿ ಎನ್ನುತ್ತಿದ್ದೆ.

ಆದರೆ ಹೆಚ್ಚಿನವರು ಆ ಮೇಜಿನವರೆಗೆ ಬರುತ್ತಲೇ ಇರಲಿಲ್ಲ. ನಮ್ಮಲ್ಲಿ ರೋಗದ ಹೆಸರನ್ನು ರೋಗಿಯನ್ನು ಬಿಟ್ಟು ಉಳಿದವರಿಗೆಲ್ಲ ಹೇಳುವ ರೂಢಿ ಇದೆ. ನನ್ನ ದೊಡ್ಡಮ್ಮ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು, ಮಗ್ಗಿ ತಪ್ಪಿದರೆ ಬಿಡದವರು. ಅವರಿಗೆ ಆರಂಭದ ಹಂತವೆಂದು ಗೊತ್ತಾದ ದಿನ ವೈದ್ಯರು ಅವರನ್ನು ಹೊರಗೆ ಕೂರಿಸಿ ಮಗನಿಗೆ ಮಾತ್ರ ವಿಷಯ ಹೇಳಿದರು. ಸಂಜೆ ಅವರು ನನ್ನ ಕೈ ಹಿಡಿದು ‘ಡಾಕ್ಟರು ಏನಂದರು, ನಿಜ ಹೇಳೇ’ ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಂಕಿನ ಪುಸ್ತಕ ತರಿಸಿದರು. ಯಾವ ಒಡವೆ ಯಾರಿಗೆ, ತಾವು ಯಾರ ಮನೆಯಲ್ಲಿರಬೇಕು, ಕೊನೆಗೆ ಕೊಳವೆ ಹಾಕಿ ಉಣಿಸಬಾರದು, ಎಲ್ಲವನ್ನೂ ಬರೆಸಿ ಸಹಿ ಮಾಡಿದರು. ಎರಡು ವರ್ಷದ ಮೇಲೆ ಕೇಳಿದ್ದರೆ ಒಂದಕ್ಕೂ ಉತ್ತರ ಸಿಗುತ್ತಿರಲಿಲ್ಲ. ಮುಂದೆ ಅವರನ್ನು ನೋಡಿಕೊಂಡ ನಮಗೆಲ್ಲ ಆ ಹಾಳೆಯೇ ದಾರಿ ತೋರಿಸಿತು.

ಹೊಸ ಔಷಧಗಳು ಇನ್ನೂ ಬರುತ್ತವೆ. ರಕ್ತದ ಒಂದು ಪರೀಕ್ಷೆಯಿಂದ ಅಮಿಲಾಯ್ಡಿನ ಸುಳಿವು ಹಿಡಿಯುವ ವಿಧಾನಗಳು ಈಗಾಗಲೇ ಬಂದಿವೆ, ಕಾಯಿಲೆ ಇನ್ನೂ ಬೇಗ ತಿಳಿಯುತ್ತದೆ. ಬೇಗ ತಿಳಿದದ್ದನ್ನು ರೋಗಿಗೇ ಹೇಳದಿದ್ದರೆ ನಾವು 1901ರ ಫ್ರಾಂಕ್‌ಫರ್ಟಿನಲ್ಲೇ ಇದ್ದಂತೆ. ಆಗುಸ್ಟಳನ್ನು ಕೇಳಲು ಸಾಧ್ಯವಿರಲಿಲ್ಲ, ನಮ್ಮ ಹಿರಿಯರನ್ನು ಕೇಳಲು ಸಾಧ್ಯವಿದೆ. ಅದಕ್ಕೇ ವೈದ್ಯರಲ್ಲಿ, ಮಕ್ಕಳಲ್ಲಿ, ಸೊಸೆಯಂದಿರಲ್ಲಿ ನನ್ನ ಬೇಡಿಕೆ ಒಂದೇ. ಮರೆವು ಶುರುವಾಗಿದೆ ಎಂಬ ಅನುಮಾನ ಬಂದಾಗಲೇ ಪರೀಕ್ಷೆ ಮಾಡಿಸಿ. ಫಲಿತಾಂಶ ಬಂದಾಗ ಅವರನ್ನೇ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಅವರ ಭಾಷೆಯಲ್ಲಿ, ಅವರಿಗೆ ಅರ್ಥವಾಗುವವರೆಗೆ ಹೇಳಿ. ಚಿಕಿತ್ಸೆ ಬೇಕೇ, ಪ್ರಯೋಗಕ್ಕೆ ಸೇರುತ್ತೀರಾ, ಮುಂದೆ ಹೇಗೆ ಬದುಕಬೇಕೆಂದಿದ್ದೀರಿ ಎಂದು ಕೇಳಿ. ಅವರು ಬೇಡ ಎಂದರೆ ಆ ಬೇಡಕ್ಕೂ ಬೆಲೆ ಕೊಡಿ.